ಹಂಚು ತೆಗೆಸಿ ಪತ್ರಾಸ್ ಹಾಕಿಸಿದ ಮನೆ: ಗದಗಿನಿಂದ ಒಂದು ದೀರ್ಘಾವಧಿ ಬಳಕೆಯ ವಿಮರ್ಶೆ

ಗದಗ-ಬೆಟಗೇರಿಯ ಹಳೆಯ ಓಣಿಗಳ ಹಲವು ಮನೆಗಳಂತೆ ನಮ್ಮ ಮನೆಗೂ ಎರಡು ಬಗೆಯ ಛಾವಣಿ ಇತ್ತು. ಮುಂದಿನ ಪಡಸಾಲೆ ಮತ್ತು ದೇವರಕೋಣೆಯ ಮೇಲೆ ತೊಲೆ-ಜಂತಿಯ ಮಣ್ಣಿನ ಮಾಳಿಗೆ, ಹಿಂದಿನ ಅಡುಗೆಮನೆ ಮತ್ತು ಮಲಗುವ ಕೋಣೆಗಳ ಮೇಲೆ ಮಂಗಳೂರು ಹಂಚು. ಮಂಗಗಳು ಒಡೆದ ಹಂಚುಗಳನ್ನು ಪ್ರತಿ ಬೇಸಿಗೆಯಲ್ಲೂ ಬದಲಿಸಿ ಬೇಸತ್ತಿದ್ದೆವು. 2019ರ ಆಗಸ್ಟಿನಲ್ಲಿ, ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರು ಭಾಗದ ಜನ ಮನೆ ಬಿಟ್ಟು ಹೊರಬರಬೇಕಾದ ಆ ಮಳೆಯಲ್ಲಿ, ನಮ್ಮ ಹಿಂಭಾಗವೆಲ್ಲ ಸೋರಿತು. ಮರುವರ್ಷ ಹಂಚು ಇಳಿಸಿ, ಬಣ್ಣದ ಲೇಪವಿರುವ ಗ್ಯಾಲ್ವಲ್ಯೂಮ್ ಶೀಟು ಹಾಕಿಸಿದೆವು. ಊರಲ್ಲಿ ಎಲ್ಲರೂ ಇದನ್ನೂ ಪತ್ರಾಸ್ ಎಂದೇ ಕರೆಯುತ್ತಾರೆ. ಆದರೆ ಹಳೆಯ ಸತುವಿನ ತಗಡಿಗಿಂತ ಇದು ಬೇರೆ: ಉಕ್ಕಿನ ಮೇಲಿನ ಲೇಪದಲ್ಲಿ ತೂಕದ ಲೆಕ್ಕಕ್ಕೆ ಶೇ. 55ರಷ್ಟು ಅಲ್ಯೂಮಿನಿಯಂ, ಶೇ. 43.4ರಷ್ಟು ಸತು, ಉಳಿದದ್ದು ಸಿಲಿಕಾನ್ ಇರುತ್ತದೆ.

ಇದು ನಿಮ್ಮ ಮನೆಗೆ ಹೊಂದುತ್ತದೆಯೇ ಎಂಬುದನ್ನು ನಮ್ಮ ಭಾಗದಲ್ಲಿ ಮೊದಲು ನಿರ್ಧರಿಸುವುದು ಮಳೆಯಲ್ಲ, ಬಿಸಿಲು. ನಾವು ಮಲಗುವ ಕೋಣೆಗಳಲ್ಲಿ ಶೀಟಿನ ಕೆಳಗೆ 50 ಮಿ.ಮೀ. ದಪ್ಪದ ರಾಕ್‌ವುಲ್ (ಕಾವು ತಡೆಯುವ ಕಲ್ಲುನಾರಿನ ಹಾಸು) ಹಾಸಿ, ಅದರ ಕೆಳಗೆ ಬೋರ್ಡಿನ ಸೀಲಿಂಗ್ ಮಾಡಿಸಿದೆವು. ಒಲೆಯ ಹಬೆ ಹೊರಹೋಗಲೆಂದು ಅಡುಗೆಮನೆಯನ್ನು ಹಾಗೆಯೇ ಬಿಟ್ಟೆವು. ಹೀಗಾಗಿ ಒಂದೇ ಛಾವಣಿಯ ಕೆಳಗೆ ಎರಡೂ ಸ್ಥಿತಿಗಳನ್ನು ಇಷ್ಟು ವರ್ಷ ನೋಡುತ್ತಾ ಬಂದಿದ್ದೇವೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತರೆ ನೆತ್ತಿಯ ಮೇಲೆ ಕಾವು ನೇರವಾಗಿ ಇಳಿಯುತ್ತದೆ. ಹತ್ತು ಗಂಟೆಯೊಳಗೆ ಅಡುಗೆ ಮುಗಿಸುವುದು ಮನೆಯ ರೂಢಿಯೇ ಆಗಿಬಿಟ್ಟಿದೆ. ಪಕ್ಕದ ಕೋಣೆಯಲ್ಲಿ ಫ್ಯಾನ್ ಹಾಕಿಕೊಂಡು ಮಲಗಬಹುದು, ಹಂಚಿದ್ದಾಗ ಇದ್ದುದಕ್ಕಿಂತ ಹೆಚ್ಚು ಸೆಕೆ ಅನ್ನಿಸುವುದಿಲ್ಲ. ಆದರೆ ಮುಂದಿನ ಮಾಳಿಗೆಯ ತಂಪು ಇವೆರಡಕ್ಕೂ ಇಲ್ಲ; ಮಧ್ಯಾಹ್ನವಾದರೆ ಮನೆಮಂದಿಯೆಲ್ಲ ಇಂದಿಗೂ ಪಡಸಾಲೆಗೇ ಬರುತ್ತೇವೆ. ಒಂದು ಮಾತು ಶೀಟಿನ ಪರವಾಗಿ ಹೇಳಬೇಕು. ಅದು ಬೇಗ ಕಾಯುವಂತೆ ಬೇಗ ಆರುತ್ತದೆ, ರಾತ್ರಿ ಒಂಬತ್ತರ ಹೊತ್ತಿಗೆ ಅಡುಗೆಮನೆಯೂ ಹಗುರಾಗಿರುತ್ತದೆ. ಆರ್‌ಸಿಸಿ ಸ್ಲ್ಯಾಬಿನ ಮನೆಗಳಂತೆ ನಡುರಾತ್ರಿಯವರೆಗೂ ಕಾವು ಉಗುಳುವುದಿಲ್ಲ.

ಸದ್ದಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಜೋರು ಮಳೆಯಲ್ಲಿ ಅಡುಗೆಮನೆಯಿಂದ ಫೋನಿನಲ್ಲಿ ಮಾತನಾಡುವುದು ಆಗದ ಮಾತು; ಸೀಲಿಂಗ್ ಇರುವ ಕೋಣೆಯಲ್ಲಿ ಮಕ್ಕಳು ಎಚ್ಚರಗೊಳ್ಳುವುದಿಲ್ಲ. ಸಂಜೆ ಬಿಸಿಲು ಇಳಿದಾಗ ಕೇಳಿಸುವ ಟಕ್ ಟಕ್ ಸದ್ದು ಮಾತ್ರ ಹೋಗುವುದಿಲ್ಲ. 6 ಮೀಟರ್ ಉದ್ದದ ಉಕ್ಕಿನ ಶೀಟು 40 ಡಿಗ್ರಿಯ ವ್ಯತ್ಯಾಸಕ್ಕೆ ಸುಮಾರು 3 ಮಿ.ಮೀ. ಹಿಗ್ಗಿ ಕುಗ್ಗುತ್ತದೆ, ಅದರ ಸದ್ದು ಅದು.

ಗಾಳಿಯ ವಿಚಾರಕ್ಕೆ ಹೆಚ್ಚು ಗಮನ ಕೊಡಬೇಕೆಂದು ನನ್ನ ಆಗ್ರಹ. ಕಪ್ಪತಗುಡ್ಡದ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಮಂಗಳೂರು ಹಂಚಿನ ಛಾವಣಿ ಚದರ ಮೀಟರಿಗೆ 40 ಕೆ.ಜಿ.ಯಷ್ಟು ತೂಗಿದರೆ ಶೀಟು 4-5 ಕೆ.ಜಿ. ತೂಗುತ್ತದೆ. ಹಳೆಯ ಗೋಡೆಗಳ ಮೇಲಿನ ಭಾರ ಇಳಿಯುವುದು ನಿಜವಾದ ಲಾಭ, ಆದರೆ ಅಡ್ಡಮಳೆಯ ಬಿರುಗಾಳಿಗೆ ಎತ್ತಿ ಒಯ್ಯಲು ಸುಲಭವಾಗುವುದೂ ಅದೇ ಕಾರಣಕ್ಕೆ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಯ ತುದಿಗೆ ಬೋಲ್ಟು ಹೊಡೆದರೆ ಸಾಲದು. ನಾವು ಗೋಡೆಯ ಮೇಲೆ ಕಾಂಕ್ರೀಟ್ ಪಟ್ಟಿ ಎರೆಸಿ, ಅದರೊಳಗೆ ಹುದುಗಿಸಿದ ಸರಳುಗಳಿಗೆ ಕಬ್ಬಿಣದ ಚೌಕಟ್ಟನ್ನು ಬಿಗಿಸಿದೆವು. ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಎಳೆತ ಹೆಚ್ಚಾದ್ದರಿಂದ ಅಲ್ಲಿ ಸ್ಕ್ರೂಗಳು ಒತ್ತೊತ್ತಾಗಿರಲಿ. ಈವರೆಗೆ ಒಂದು ಶೀಟೂ ಅಲುಗಿಲ್ಲ.

ಖರೀದಿಸುವಾಗ ಅಂಗಡಿಯವರು ಹೇಳುವ 0.50 ಮಿ.ಮೀ. ದಪ್ಪ ಬಣ್ಣ ಮತ್ತು ಲೇಪ ಸೇರಿಸಿಯೋ, ಬರೀ ಉಕ್ಕಿನದೋ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಎಝಡ್ 150 ಎಂದಿದ್ದರೆ ಎರಡೂ ಮೈ ಸೇರಿ ಚದರ ಮೀಟರಿಗೆ 150 ಗ್ರಾಂ ಲೇಪವಿದೆ ಎಂದರ್ಥ.

ನಮ್ಮ ಶೀಟಿನಲ್ಲಿ ತುಕ್ಕು ಕಂಡಿರುವುದು ಒಂದೇ ಕಡೆ. ಜೋಡಿಸಲು ಬಂದವರು ಎಷ್ಟು ಹೇಳಿದರೂ ಕೇಳದೆ ಸೂರಿನ ಅಂಚನ್ನು ಗ್ರೈಂಡರಿನಿಂದ ಕತ್ತರಿಸಿದರು. ಆ ಕಿಡಿಗಳು ಲೇಪವನ್ನು ಸುಟ್ಟವು, ಹಾರಿದ ಕಬ್ಬಿಣದ ಪುಡಿ ಶೀಟಿನ ಮೇಲೆಯೇ ಕೂತಿತು, ಎರಡನೆಯ ಮಳೆಗಾಲದ ಹೊತ್ತಿಗೆ ರಾಗಿಕಾಳಿನಷ್ಟು ಕೆಂಪು ಚುಕ್ಕೆಗಳು ಎದ್ದವು. ಕತ್ತರಿಯಿಂದ ಕತ್ತರಿಸಿದ ಅಂಚು ಇಂದಿಗೂ ಚೊಕ್ಕಟವಾಗಿದೆ. ಮಾಳಿಗೆಯ ಗೋಡೆಗೆ ಶೀಟು ಕೂಡುವಲ್ಲಿ ಗೌಂಡಿ ಸಿಮೆಂಟ್ ಮೆತ್ತಲು ಬಂದಾಗ ಮಾತ್ರ ನಾನು ಬಿಡಲಿಲ್ಲ. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಲೇಪವನ್ನು ತಿನ್ನುತ್ತದೆ. ಅಲ್ಲಿ ಮಡಚಿದ ತಗಡಿನ ಪಟ್ಟಿ ಕೂಡಿಸಿ ಸೀಲೆಂಟ್ ಹಾಕಿಸಬೇಕು. ಸ್ಕ್ರೂಗಳ ಕೆಳಗಿನ ರಬ್ಬರ್ ವಾಶರ್ ಬಿಸಿಲಿಗೆ ಬಿರಿಯುತ್ತದೆ, ಆದ್ದರಿಂದ ರೋಹಿಣಿ ಮಳೆಗೆ ಮುಂಚೆ ಒಮ್ಮೆ ಹತ್ತಿ ನೋಡುತ್ತೇವೆ.

ನಾನು ನಿರೀಕ್ಷಿಸದೆ ಇದ್ದ ಲಾಭವೆಂದರೆ ನೀರು. ನಮ್ಮ ಬೋರಿನ ಸವಳು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ 60 ಚದರ ಮೀಟರ್ ಛಾವಣಿಯಿಂದ 10 ಮಿ.ಮೀ. ಮಳೆಗೆ 600 ಲೀಟರಿಗೆ ಹತ್ತಿರದಷ್ಟು ತೊಟ್ಟಿ ಸೇರುತ್ತದೆ. ಮೊದಲ ಮಳೆಯ ಧೂಳಿನ ನೀರನ್ನು ಹೊರಗೆ ಬಿಟ್ಟರೆ ಉಳಿದದ್ದು ಬೇಳೆ ಬೇಯಿಸಲು ಬೇಕಾದ ಮೃದು ನೀರು.

ಹಂಚು ಸೋರುತ್ತಿದ್ದು, ಸೀಲಿಂಗಿಗೂ ಸೇರಿಸಿ ಹಣ ಹೊಂದಿಸಬಲ್ಲವರಿಗೆ ನಾನು ಧೈರ್ಯವಾಗಿ ಇದನ್ನು ಶಿಫಾರಸು ಮಾಡುತ್ತೇನೆ. ಶೀಟಿಗೆ ಮಾತ್ರ ಹಣವಿದ್ದರೆ, ಜನ ಮಲಗುವ ಕೋಣೆಯ ಮೇಲೆ ಹಾಕಿಸಬೇಡಿ. ಮಣ್ಣಿನ ಮಾಳಿಗೆ ಇಳಿಸಿ ಶೀಟು ಹಾಕಿಸುವವರಿಗಂತೂ ದಯವಿಟ್ಟು ಬೇಡ ಎನ್ನುತ್ತೇನೆ. ಮಾಳಿಗೆ ಸೋರುತ್ತಿದ್ದರೆ ಅದನ್ನು ಉಳಿಸಿಕೊಂಡೇ, ಎರಡು-ಮೂರು ಅಡಿ ಎತ್ತರದಲ್ಲಿ ಗಾಳಿಯಾಡುವಂತೆ ಶೀಟು ಹೊದಿಸಬಹುದು. ನಮ್ಮ ಪಡಸಾಲೆಯ ಮೇಲೆ ಈ ವರ್ಷ ಮಾಡಿಸಲಿರುವುದು ಅದನ್ನೇ. ಗಾಳಿ ಕೆಳಗಿನಿಂದಲೂ ನುಗ್ಗುವುದರಿಂದ ಕಂಬಗಳನ್ನು ಮಣ್ಣಿನ ಮೇಲೆ ನಿಲ್ಲಿಸದೆ, ಗೋಡೆಯ ಕಾಂಕ್ರೀಟ್ ಪಟ್ಟಿಗೇ ಬಿಗಿಸಲು ಹೇಳಿದ್ದೇವೆ.