ಚಿಕನ್‌ಪಾಕ್ಸ್ ಲಸಿಕೆ: ಕೊಟ್ಟ ಹಣಕ್ಕೆ ಎಷ್ಟು ವರ್ಷದ ರಕ್ಷಣೆ?

ಮಗಳಿಗೆ ವರಿಸೆಲ್ಲಾ, ಅಂದರೆ ಚಿಕನ್‌ಪಾಕ್ಸ್, ಲಸಿಕೆಯ ಎರಡೂ ಡೋಸುಗಳನ್ನು ಹಾಕಿಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. 'ಅಮ್ಮ ಬಂದಿದೆ' ಎಂದು ನಮ್ಮ ಮನೆಗಳಲ್ಲಿ ಬೇವಿನ ಸೊಪ್ಪು ಹಾಸಿ ಮಲಗಿಸುವ ಈ ರೋಗದ ಲಸಿಕೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲದಿರುವುದರಿಂದ, ಖಾಸಗಿ ಕ್ಲಿನಿಕ್ಕಿನಲ್ಲಿ ಡೋಸಿಗೆ ಸುಮಾರು ಎರಡು ಸಾವಿರ ರೂಪಾಯಿ ತೆರಬೇಕಾಗುತ್ತದೆ. ಅಷ್ಟು ಹಣ ಕೊಡುವ ತಂದೆತಾಯಿಯರು ರಕ್ಷಣೆ ಎಷ್ಟು ಕಾಲ ನಿಲ್ಲುತ್ತದೆ ಎಂದು ಕೇಳುವುದು ನ್ಯಾಯವೇ.

ಜಪಾನಿನ ವೈದ್ಯ ಮಿಚಿಯಾಕಿ ತಕಾಹಾಶಿ 1970ರ ದಶಕದಲ್ಲಿ ರೂಪಿಸಿದ, ಓಕಾ ಎಂಬ ತಳಿಯ ದುರ್ಬಲಗೊಳಿಸಿದ ಜೀವಂತ ವೈರಸ್ ಈ ಲಸಿಕೆಯಲ್ಲಿದೆ. ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತ 1995ರಲ್ಲಿಯೇ, ಎರಡು ವರ್ಷ ತುಂಬುವ ಮೊದಲು ಲಸಿಕೆ ಪಡೆದ ಕ್ಯಾಲಿಫೋರ್ನಿಯಾದ 7,585 ಮಕ್ಕಳನ್ನು ಸಂಶೋಧಕರು 14 ವರ್ಷ ಗಮನಿಸಿದರು. ಲಸಿಕೆಯ ಪರಿಣಾಮ ಶೇ. 90ರಷ್ಟಿತ್ತು, ವರ್ಷಗಳು ಉರುಳಿದಂತೆ ಅದು ಕುಗ್ಗಿದ ಸೂಚನೆ ಕಾಣಲಿಲ್ಲ, ರೋಗ ತಗುಲಿದವರಲ್ಲಿಯೂ ಹೆಚ್ಚಿನವರಿಗೆ ಅದು ಸೌಮ್ಯವಾಗಿಯೇ ಇತ್ತು. ನನ್ನನ್ನು ಒಪ್ಪಿಸಿದ್ದು ಇನ್ನೊಂದು ಸಂಗತಿ: ಆ ಮಕ್ಕಳ ಪೈಕಿ ಎರಡನೆಯ ಡೋಸು ಪಡೆದ ಮೇಲೆ ಯಾರಿಗೂ ರೋಗ ಬರಲಿಲ್ಲ. ಒಂದೇ ಡೋಸು ಪಡೆದ ಮಕ್ಕಳಿದ್ದ ಶಾಲೆಗಳಲ್ಲಿ ರೋಗ ಹರಡುತ್ತಲೇ ಇದ್ದುದರಿಂದ ಅಮೆರಿಕ 2006ರಲ್ಲಿ ಎರಡು ಡೋಸಿನ ನಿಯಮಕ್ಕೆ ಬಂದಿತು.

ಆದ್ದರಿಂದ ನಾವು ಹೋದ ಕ್ಲಿನಿಕ್ಕಿನವರು ಎರಡನೆಯ ಡೋಸಿನ ದಿನವನ್ನು ಬರೆದುಕೊಡದೇ ಇದ್ದುದು ನನಗೆ ಬೇಸರ ತಂದಿತು. ತಾಯಿ ಕಾರ್ಡಿನಲ್ಲಿ ಈ ಲಸಿಕೆಯ ಹೆಸರೇ ಇಲ್ಲದಿರುವಾಗ ಅದನ್ನು ನೆನಪಿಸುವ ಹೊಣೆ ಕ್ಲಿನಿಕ್ಕಿನದೇ ಆಗುತ್ತದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯಂತೆ ಮೊದಲ ಡೋಸು 15ನೆಯ ತಿಂಗಳಿನಲ್ಲಿ, ಎರಡನೆಯದು ಕನಿಷ್ಠ ಮೂರು ತಿಂಗಳ ಅಂತರದಲ್ಲಿ ಬೀಳಬೇಕು.

ಲಸಿಕೆ ಹಾಕುವ ರೀತಿಯನ್ನೂ ಗಮನಿಸಿರಿ. ಸಣ್ಣ ಶೀಶೆಯ ತಳದಲ್ಲಿ ಒಣಗಿದ ಬಿಳಿ ಪುಡಿಯಿರುತ್ತದೆ. ನರ್ಸ್ ಅದಕ್ಕೆ ಜೊತೆಗೇ ಬಂದ ದ್ರವವನ್ನು ಬೆರೆಸಿ, ಪುಡಿ ಪೂರ್ತಿ ಕರಗಿದ ಮೇಲೆ ತಡಮಾಡದೆ ಚರ್ಮದ ಕೆಳಗೆ ಚುಚ್ಚುತ್ತಾರೆ. ಶೀಶೆಯನ್ನು ನಿಮ್ಮ ಎದುರಿಗೇ ಒಡೆಯಲು ಕೇಳಿರಿ, ಫ್ರಿಜ್ಜಿನಿಂದಲೇ ತೆಗೆದರೇ ಎಂಬುದನ್ನು ನೋಡಿರಿ. ಮಗಳಿಗೆ ಚುಚ್ಚಿದ ಜಾಗ ಸ್ವಲ್ಪ ಕೆಂಪಾಗಿ ನೋವಾದದ್ದನ್ನು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ. ಇದು ಜೀವಂತ ಲಸಿಕೆಯಾದ್ದರಿಂದ ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೂ ಹಾಕುವುದಿಲ್ಲ.

ಬೆಲೆ ಹೆಚ್ಚೆಂಬುದು ನಿಜ, ಆದರೂ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಮನೆಯಲ್ಲಿ ಹದಿಮೂರು ದಾಟಿದ, ಇನ್ನೂ ಈ ರೋಗ ಬಾರದ ಮಕ್ಕಳಿದ್ದರೆ ಅವರ ಬಗ್ಗೆಯೂ ವೈದ್ಯರನ್ನು ಕೇಳಿರಿ. ದೊಡ್ಡವರಾದ ಮೇಲೆ ಬಂದರೆ ಚಿಕನ್‌ಪಾಕ್ಸ್ ಹೆಚ್ಚು ಕಾಡುತ್ತದೆ.