ಹೂಗ್ಲಿ ನದಿಯ ಕ್ರೂಸಿನಲ್ಲಿ ಕಾಲ್ನಾ: ಅರ್ಧ ದಿನಕ್ಕೆ ದಕ್ಕದ ಊರು

ಕೋಲ್ಕತ್ತಾದಿಂದ ಹೊರಟು ಹೂಗ್ಲಿ ನದಿಯಲ್ಲಿ ಮುರ್ಶಿದಾಬಾದಿನ ಕಡೆಗೆ ಸಾಗುವ ಕ್ರೂಸುಗಳು ದಾರಿಯಲ್ಲಿ 1950ರವರೆಗೂ ಫ್ರೆಂಚರ ಕೈಯಲ್ಲಿದ್ದ ಚಂದನನಗರ, ಹಿತ್ತಾಳೆ ಕೆಲಸಕ್ಕೆ ಹೆಸರಾದ ಮಾಟಿಯಾರಿ, ಪ್ಲಾಸಿಯ ಯುದ್ಧಭೂಮಿ ಮೊದಲಾದ ಕಡೆಗಳಲ್ಲಿ ಪ್ರಯಾಣಿಕರನ್ನು ದಡಕ್ಕೆ ಇಳಿಸುತ್ತವೆ. ಇವೆಲ್ಲದರ ನಡುವೆ ನನ್ನ ಮನಸ್ಸನ್ನು ಪೂರ್ತಿಯಾಗಿ ಹಿಡಿದದ್ದು ಪೂರ್ವ ಬರ್ಧಮಾನ ಜಿಲ್ಲೆಯ ಅಂಬಿಕಾ ಕಾಲ್ನಾ. ನಾನು ಆರಿಸಿಕೊಂಡಿದ್ದ ಸಂಸ್ಥೆಯ ಸೇವೆಯಲ್ಲಿ ಮೆಚ್ಚಬೇಕಾದದ್ದು ಸಾಕಷ್ಟಿತ್ತು. ಆದರೆ ಈ ಊರಿಗೆ ಅವರು ಇಟ್ಟಿದ್ದ ಸಮಯ ಮಾತ್ರ ತೀರಾ ಕಡಿಮೆಯಾಯಿತು.

ಬೆಳಗಿನ ಉಪಾಹಾರದ ನಂತರ ಹಡಗು ನದಿಯಲ್ಲಿಯೇ ಲಂಗರು ಹಾಕಿತು, ನಮ್ಮನ್ನು ಸಣ್ಣ ದೋಣಿಯಲ್ಲಿ ಘಾಟಿಗೆ ಕರೆದೊಯ್ದರು. ಸಮುದ್ರದ ಉಬ್ಬರವಿಳಿತದ ಪ್ರಭಾವ ಇಷ್ಟು ಮೇಲಿನವರೆಗೂ ಇರುವುದರಿಂದ ನೀರು ಇಳಿದಾಗ ಘಾಟಿನ ಕೆಳಗಿನ ಮೆಟ್ಟಿಲುಗಳ ಮೇಲೆ ಜಾರುವ ಕೆಸರು ಉಳಿದಿರುತ್ತದೆ. ಸಿಬ್ಬಂದಿ ಹಲಗೆ ಹಾಸಿ, ವಯಸ್ಸಾದವರ ಕೈಹಿಡಿದು ಒಬ್ಬೊಬ್ಬರನ್ನಾಗಿ ಮೇಲಕ್ಕೆ ಹತ್ತಿಸಿದ ರೀತಿಯಲ್ಲಿ ನಿಜವಾದ ಕಾಳಜಿಯಿತ್ತು. ಹಾಗಿದ್ದರೂ ಮಂಡಿನೋವು ಇರುವವರು ಟಿಕೆಟ್ ಕಾಯ್ದಿರಿಸುವಾಗಲೇ ಈ ವಿಷಯವನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಘಾಟಿನಿಂದ ಮುಂದಕ್ಕೆ ಇಲ್ಲಿಯವರು ಟೋಟೊ ಎಂದು ಕರೆಯುವ ವಿದ್ಯುತ್ ರಿಕ್ಷಾಗಳಿದ್ದವು. ಅದರ ಬಾಡಿಗೆ ಪ್ರವಾಸದ ಶುಲ್ಕದಲ್ಲಿಯೇ ಸೇರಿತ್ತು.

ಮೊದಲು ನೋಡಿದ್ದು ಬರ್ಧಮಾನದ ಮಹಾರಾಜ ತೇಜಚಂದ್ರ 1809ರಲ್ಲಿ ಕಟ್ಟಿಸಿದ ನವಕೈಲಾಸ, ಅಂದರೆ 108 ಶಿವಾಲಯಗಳ ಸಮುಚ್ಚಯ. ಎರಡು ವೃತ್ತಗಳು ಒಂದರೊಳಗೊಂದು ಇವೆ, ಹೊರಗಿನದರಲ್ಲಿ 74 ಗುಡಿಗಳು, ಒಳಗಿನದರಲ್ಲಿ 34. ಹೊರವೃತ್ತದಲ್ಲಿ ಒಂದು ಗುಡಿಯಲ್ಲಿ ಕಪ್ಪು ಲಿಂಗವಿದ್ದರೆ ಪಕ್ಕದ ಗುಡಿಯಲ್ಲಿ ಬಿಳಿಯ ಲಿಂಗ. ಒಳವೃತ್ತದಲ್ಲಿ ಎಲ್ಲವೂ ಬಿಳಿ. ಪ್ರತಿಯೊಂದು ಗುಡಿಯ ಮಾಡೂ ಬಂಗಾಳದ ಹುಲ್ಲುಗುಡಿಸಲಿನಂತೆ ಬಾಗಿ, ಮೇಲೊಂದು ಕೆಳಗೊಂದು ಎಂಬಂತೆ ಎರಡು ಹಂತಗಳಲ್ಲಿ ಇಳಿಯುತ್ತದೆ. ಗುಡಿಗಳು ಚಿಕ್ಕವು, ಬಾಗಿಲುಗಳು ಇನ್ನೂ ಚಿಕ್ಕವು, ಆದ್ದರಿಂದ ಒಳಗೆ ನೋಡಲು ಸೊಂಟ ಬಗ್ಗಿಸಲೇಬೇಕು. ನಾನು ಬಗ್ಗಿದ ಒಂದು ಗುಡಿಯಲ್ಲಿ ಕಪ್ಪು ಲಿಂಗದ ಮೇಲೆ ಆಗತಾನೇ ಏರಿಸಿದ ಬಿಲ್ವಪತ್ರೆ, ಒಂದು ದಾಸವಾಳ, ಇನ್ನೂ ಆರದ ನೀರಿನ ಹನಿಗಳಿದ್ದವು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದಲ್ಲಿ ನಿತ್ಯಪೂಜೆಯೂ ಉಳಿದುಕೊಂಡಿರುವುದು ನನಗೆ ಬಹಳ ಸಂತೋಷ ತಂದ ಸಂಗತಿ.

ರಸ್ತೆಯ ಆಚೆಗೆ ರಾಜಬಾಡಿಯ, ಅಂದರೆ ರಾಜಮನೆಯ ಆವರಣವಿದೆ, ಊರಿನ ನಿಜವಾದ ಸಂಪತ್ತು ಇರುವುದು ಇಲ್ಲಿಯೇ. ಬೇಲೂರು, ಹಳೇಬೀಡುಗಳ ಬಳಪದ ಕಲ್ಲಿನ ಕೆತ್ತನೆ ನೋಡಿ ಬೆಳೆದ ನಮಗೆ ಕಲ್ಲೇ ಇಲ್ಲದ ನಾಡಿನಲ್ಲಿ ಶಿಲ್ಪಿ ಏನು ಮಾಡಿದ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಸ್ಥಳ ಸಿಗಲಾರದು. ನದಿ ತಂದು ಹಾಕಿದ ಮೆಕ್ಕಲು ಮಣ್ಣನ್ನೇ ಹಲಗೆಗಳಾಗಿ ಮಾಡಿ, ಹಸಿಯಿರುವಾಗಲೇ ಆಕೃತಿ ಕೊಟ್ಟು, ಸುಟ್ಟು, ಇಟ್ಟಿಗೆಯ ಗೋಡೆಗೆ ಸಾಲುಸಾಲಾಗಿ ಕೂರಿಸಿದ್ದಾರೆ. ಈ ಸುಟ್ಟ ಮಣ್ಣಿನ ಕೆಲಸವೇ ಟೆರಾಕೋಟಾ. 1849ರ ಪ್ರತಾಪೇಶ್ವರ ದೇವಾಲಯ ಒಂದೇ ಶಿಖರದ ಸಣ್ಣ ಕಟ್ಟಡ, ಆದರೆ ಅದರ ಮೈಮೇಲೆ ಬರಿದಾದ ಜಾಗ ಸಿಗುವುದೇ ಕಷ್ಟ. ರಾಮ-ರಾವಣರ ಯುದ್ಧದ ಫಲಕದಲ್ಲಿ ಇಬ್ಬರ ನಡುವೆ ದುರ್ಗೆ ನಿಂತಿದ್ದಾಳೆ. ವಾಲ್ಮೀಕಿಯನ್ನು ಓದಿದವರಿಗೆ ಇದು ಅಚ್ಚರಿಯೆನಿಸಬಹುದು. ರಾಮನು ಯುದ್ಧಕ್ಕೆ ಮುನ್ನ ಅಕಾಲದಲ್ಲಿ ದುರ್ಗೆಯನ್ನು ಪೂಜಿಸಿದ ಕಥೆಯನ್ನು ಬಂಗಾಳದ ಮನೆಮನೆಗೆ ಮುಟ್ಟಿಸಿದ್ದು ಕೃತ್ತಿವಾಸನ ಬಂಗಾಳಿ ರಾಮಾಯಣ, ಮತ್ತು ಆ ಕವಿಯ ಊರಾದ ಫುಲಿಯಾ ಇರುವುದು ಎದುರು ದಡದ ಶಾಂತಿಪುರದ ಬಳಿ. ನಮ್ಮ ಮಾರ್ಗದರ್ಶಿ ಇದನ್ನು ಹೇಳಲಿಲ್ಲ. ರಾಜರ ಹೆಸರು ಮತ್ತು ಇಸವಿಗಳಲ್ಲಿಯೇ ಅವರ ವಿವರಣೆ ಮುಗಿಯಿತು. ಫಲಕದ ಮುಂದೆ ನಿಲ್ಲಿಸಿ ಕಥೆ ಹೇಳಬಲ್ಲವರನ್ನು ನೇಮಿಸಿದ್ದರೆ ಈ ಪ್ರವಾಸದ ಬೆಲೆ ಇಮ್ಮಡಿಯಾಗುತ್ತಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದೇ ಆವರಣದಲ್ಲಿ 1739ರ ಲಾಲ್‌ಜಿ ದೇವಾಲಯ ಮತ್ತು ಅದರ ನಂತರದ ಕೃಷ್ಣಚಂದ್ರ ದೇವಾಲಯಗಳಿವೆ. ಎರಡಕ್ಕೂ 25 ಶಿಖರಗಳು: ಕೆಳಗಿನ ಹಂತದಲ್ಲಿ 12, ಅದರ ಮೇಲೆ 8, ಮತ್ತೂ ಮೇಲೆ 4, ನಡುವೆ ಎಲ್ಲಕ್ಕಿಂತ ಎತ್ತರವಾಗಿ ಒಂದು. ಬಂಗಾಳದಲ್ಲಿ ಈ ಮಾದರಿಯ ದೇವಾಲಯಗಳು ಬೆರಳೆಣಿಕೆಯಷ್ಟು ಮಾತ್ರ, ಅವುಗಳಲ್ಲಿ ಮೂರು ಕಾಲ್ನಾದಲ್ಲಿಯೇ ಇವೆ. ಮೂರನೆಯದಾದ ಗೋಪಾಲಜಿ ದೇವಾಲಯ ಆವರಣದ ಹೊರಗಿದೆ. ಅದನ್ನು ನಮಗೆ ತೋರಿಸಲೇ ಇಲ್ಲ. ಚೈತನ್ಯ ಮಹಾಪ್ರಭುವಿನ ಆಪ್ತ ಗೌರೀದಾಸ ಪಂಡಿತರ ನೆನಪಿರುವ ಮಂದಿರವೂ ಕಾರ್ಯಕ್ರಮದಲ್ಲಿ ಇರಲಿಲ್ಲ. ಲಾಲ್‌ಜಿಯ ಗೋಡೆಯಲ್ಲಿ ನಾನು ಒಂದು ಸಾಲಿನ ಅರ್ಧವನ್ನೂ ನೋಡಿ ಮುಗಿಸಿರಲಿಲ್ಲ, ಅಷ್ಟರಲ್ಲಿ ಹಡಗಿಗೆ ಮರಳುವ ಕರೆ ಬಂತು. ಮಧ್ಯಾಹ್ನದ ಊಟಕ್ಕೆ ಎಲ್ಲರನ್ನೂ ಹಡಗಿಗೆ ಕರೆದು, ನಂತರ ಮುಂದಿನ ಊರಿಗೆ ಹೊರಡುವುದು ಸಂಸ್ಥೆಯ ಪದ್ಧತಿ. ಊಟ ರುಚಿಯಾಗಿತ್ತು, ಸಸ್ಯಾಹಾರಿಗಳಿಗೂ ಪಟೋಲ್ ಪಲ್ಯ, ಕಡಲೆಬೇಳೆಯ ದಾಲ್ ಎಂದು ಕೊರತೆಯಿಲ್ಲದೆ ಬಡಿಸಿದರು. ಆದರೆ ಆ ಊಟವನ್ನು ಎರಡು ಗಂಟೆ ಮುಂದೂಡಿದ್ದರೆ ಯಾರೂ ಬೇಸರಪಡುತ್ತಿರಲಿಲ್ಲ.

ಊರಿನ ಪ್ರಸಿದ್ಧ ಮಾಖಾ ಸಂದೇಶ್ ಕೂಡ ಪ್ರವಾಸದಲ್ಲಿ ಸೇರಿಲ್ಲ. ಟೋಟೊ ಚಾಲಕನನ್ನು ವಿನಂತಿಸಿ ಮಿಠಾಯಿ ಅಂಗಡಿಯ ಮುಂದೆ ಒಂದು ನಿಮಿಷ ನಿಲ್ಲಿಸಿಕೊಂಡರೆ ದೊನ್ನೆಯಲ್ಲಿ ಮೆತ್ತನೆಯ, ಇನ್ನೂ ಬೆಚ್ಚಗಿರುವ ಸಂದೇಶ್ ಸಿಗುತ್ತದೆ. ಚಳಿಗಾಲವಾದರೆ ಅದನ್ನು ಹೊಸ ಖರ್ಜೂರದ ಬೆಲ್ಲದಲ್ಲಿ ಮಾಡಿರುತ್ತಾರೆ, ಬಿಡಬಾರದು.

ನದಿಯ ಕಡೆಯಿಂದ ಊರನ್ನು ಪ್ರವೇಶಿಸುವ ಅನುಭವಕ್ಕೆ, ಸಿಬ್ಬಂದಿಯ ಸೌಜನ್ಯಕ್ಕೆ ಈ ಸೇವೆಗೆ ಪೂರ್ಣ ಅಂಕ ಕೊಡುತ್ತೇನೆ; ದಡದ ಮೇಲಿನ ಕಾರ್ಯಕ್ರಮಕ್ಕೆ ಅರ್ಧಕ್ಕಿಂತ ಹೆಚ್ಚು ಕೊಡಲಾರೆ. ಕ್ರೂಸ್ ಕಾಯ್ದಿರಿಸುವವರು ಕಾಲ್ನಾದಲ್ಲಿ ಎಷ್ಟು ಹೊತ್ತು ಇಳಿಸುತ್ತಾರೆ, ಯಾವ ಯಾವ ದೇವಾಲಯ ತೋರಿಸುತ್ತಾರೆ ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿ ಪಡೆಯಬೇಕು. ಟೆರಾಕೋಟಾ ನೋಡುವುದೇ ಮುಖ್ಯ ಉದ್ದೇಶವಾಗಿದ್ದರೆ ಹೌರಾದಿಂದ ಕಾಟ್ವಾ ಮಾರ್ಗದ ಲೋಕಲ್ ರೈಲು ಹಿಡಿದು ಅಂಬಿಕಾ ಕಾಲ್ನಾ ನಿಲ್ದಾಣದಲ್ಲಿ ಇಳಿಯಬಹುದು. ದೂರ ಸುಮಾರು 80 ಕಿ.ಮೀ.; ಬೆಳಿಗ್ಗೆ ಬೇಗ ಹೊರಟರೆ ಇಡೀ ಹಗಲು ಗೋಡೆಗಳ ಮುಂದೆ ಕಳೆದು ರಾತ್ರಿಯ ಹೊತ್ತಿಗೆ ಕೋಲ್ಕತ್ತಾಕ್ಕೆ ಮರಳಬಹುದು.