ಎರಡೂವರೆ ಸ್ಟಾರ್, ಅದರಲ್ಲಿ ಎರಡು ಆ ಹುಡುಗಿಗೆ

ಮಗಳ ಅಮೆರಿಕ ಕಾಲೇಜು ಅರ್ಜಿಗೆಂದು ಜಯನಗರದ ಒಂದು ಕನ್ಸಲ್ಟೆನ್ಸಿಗೆ ಸೇರಿಸಿದ್ದೆ. ಫೀಸು 1,80,000 ರೂಪಾಯಿ, ಮೂರು ಕಂತು. ಫಿಲ್ಟರ್ ಕಾಫಿ ಚೆನ್ನಾಗಿ ಕೊಡುತ್ತಾರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲ ದಿನವೇ ಅಲ್ಲಿನ ಸರ್, "ಮೇಡಂ, ಮಾರ್ಕ್ಸ್ ಎಲ್ಲರಿಗೂ ಇರುತ್ತೆ, ಪ್ರೊಫೈಲ್ ಕಟ್ಟಬೇಕು" ಅಂದರು. ಒಂದು ಎನ್‌ಜಿಒ ಶುರು ಮಾಡಿ, ಒಂದು ರಿಸರ್ಚ್ ಪೇಪರ್ ಬರೆಸಿ. ಬರೆಸಿ ಅಂದರು, ಬರೆಯಲಿ ಅನ್ನಲಿಲ್ಲ! ಅದಕ್ಕೆ ಬೇರೆ 60,000. ಅಲ್ಲಿನ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ ಬಗ್ಗೆ ಕೇಳಿದರೆ "ಅದು ಈಗ ಆಪ್ಷನಲ್, ಬಿಡಿ." ಮಗಳ ಪಟ್ಟಿಯಲ್ಲಿ ಮೊದಲ ಹೆಸರೇ ಅಮೆರಿಕದ ಎಂಐಟಿ. ಅವರು 2022ರಲ್ಲೇ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದ್ದರು. ಹಾರ್ವರ್ಡ್, ಡಾರ್ಟ್‌ಮತ್ ಕೂಡ 2024ರಲ್ಲಿ ಹಾಗೇ ಹೇಳಿದವು. ಇದನ್ನು ಕಂಡುಹಿಡಿದದ್ದು ದುಡ್ಡು ತಗೊಂಡವರಲ್ಲ, ನನ್ನ ಮಗಳು.

ಅವಳೇ ಕಾಮನ್ ಡೇಟಾ ಸೆಟ್ ಅನ್ನೋದನ್ನೂ ತೋರಿಸಿದಳು, ಕಾಲೇಜುಗಳು ತಮ್ಮ ಪ್ರವೇಶದ ಅಂಕಿಅಂಶ ಕೊಡುವ ದಾಖಲೆ. ಬಹಳ ಕಾಲೇಜುಗಳು ಅದನ್ನು ಪುಕ್ಕಟೆ ಹಾಕಿರುತ್ತವೆ. ಅದರ ಸಿ7 ಪಟ್ಟಿಯಲ್ಲಿ ಮಾರ್ಕ್ಸು, ಪ್ರಬಂಧ, ಶಿಫಾರಸು ಪತ್ರ, ಯಾವುದಕ್ಕೆ ಎಷ್ಟು ತೂಕ ಅಂತ ಗುರುತು ಹಾಕಿರುತ್ತಾರೆ. ನಾವು ನೋಡಿದ ಎಂಐಟಿ ಪಟ್ಟಿಯಲ್ಲಿ 'ತುಂಬಾ ಮುಖ್ಯ' ಅಂತ ಇದ್ದದ್ದು ಒಂದೇ, ವಿದ್ಯಾರ್ಥಿಯ ಸ್ವಭಾವ. ಸುಮ್ನೆ ಹುಟ್ಟುಹಾಕಿದ ಎನ್‌ಜಿಒದಲ್ಲಿ ಅದು ಕಾಣುತ್ತಾ?

ಕಾಗದಪತ್ರದ ಕೆಲಸ ಮಾತ್ರ ಅಚ್ಚುಕಟ್ಟು. ಕಾಲೇಜಿನ ಕಡೆಯಿಂದ ಮಾರ್ಕ್ಸ್, ಪತ್ರ ಕಳಿಸಿಕೊಡಲು ನಮ್ಮ ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಇಲ್ಲ. 9 ಮತ್ತು 10ನೇ ತರಗತಿ ಮಾರ್ಕ್ಸ್ ಹಳೇ ಶಾಲೆಯಿಂದ ತರಬೇಕು. ಕನ್ಸಲ್ಟೆನ್ಸಿಯವರು ಪ್ರಿನ್ಸಿಪಾಲರಿಗೆ ಎಲ್ಲವನ್ನೂ ಬಿಡಿಸಿ ಹೇಳಿ ಕಳಿಸಿದರು. ಅದಕ್ಕೆ ಅರ್ಧ ಸ್ಟಾರ್.

ಇನ್ನು ಎರಡು ಸ್ಟಾರ್. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ಕಾಮನ್ ಆಪ್‌ನಲ್ಲಿ ಹತ್ತು ಚಟುವಟಿಕೆ ಬರೆಯಬಹುದು, ಒಂದೊಂದರ ವಿವರಣೆಗೆ 150 ಅಕ್ಷರ. ಮಗಳು ಭಾನುವಾರ ತನ್ನ ಸೋದರಮಾವನ ದಿನಸಿ ಅಂಗಡಿಯಲ್ಲಿ ಕೂತು ಸಾಲದ ಪುಸ್ತಕ ನೋಡಿಕೊಳ್ಳುತ್ತಾಳೆ. "ಅಂಗಡಿಯಲ್ಲಿ ಕೂತದ್ದೆಲ್ಲ ಯಾಕೆ" ಅಂತ ಸರ್ ಆ ಸಾಲು ಹೊಡೆದುಹಾಕಿದರು. ಪಕ್ಕದಲ್ಲಿ ಒಬ್ಬಳು ಜೂನಿಯರ್ ಇದ್ದಳು. ಸರ್ ಫೋನಿಗೆಂದು ಎದ್ದುಹೋದಾಗ ಮೆಲ್ಲಗೆ ಕೇಳಿದಳು, "ಯಾರು ಸಾಲ ತೀರಿಸ್ತಾರೆ, ಯಾರು ತೀರಿಸಲ್ಲ, ನಿಂಗೆ ಹೇಗೆ ಗೊತ್ತಾಗುತ್ತೆ?" ಅಷ್ಟೇ. ತಿಂಗಳ ಕೊನೆಗೆ ಅಕ್ಕಿ ಬಿಟ್ಟು ಬರೀ ಎಣ್ಣೆ ಒಯ್ಯುವವರು, ಮಗುವನ್ನು ಕಳಿಸಿ ತಾವು ಬಾರದವರು, ಒಂದು ಮನೆಯ ಬಾಕಿಯನ್ನು ಮಾವ ತಾವೇ ಹೊಡೆದುಹಾಕಿದ್ದು... ಮಗಳು ಅರ್ಧ ಗಂಟೆ ಮಾತಾಡಿದಳು. ನನಗೇ ಗೊತ್ತಿರಲಿಲ್ಲ. 650 ಪದಗಳ ಪ್ರಬಂಧ ಅಲ್ಲಿಂದ ಬಂತು.

ಎಂಐಟಿ ಸಿಗಲಿಲ್ಲ. ಬೇರೆ ಎರಡು ಕಡೆ ಸಿಕ್ಕಿತು, ಒಂದು ಕಾಲೇಜಿನವರು ಪತ್ರದಲ್ಲಿ ಅಂಗಡಿಯ ವಿಷಯವನ್ನೇ ಬರೆದಿದ್ದರು.

ಆ ಜೂನಿಯರ್ ಮಾರ್ಚ್‌ನಲ್ಲಿ ಕೆಲಸ ಬಿಟ್ಟಳಂತೆ. ಈಗ ಸೇರುವವರಿಗೆ ಅರ್ಧ ಸ್ಟಾರ್ ಮತ್ತು ಕಾಫಿ.